ಹಸಿರು ದೀಪದ ಗಂಡ

ತಿಳಿದೀಪ ಬಂದ ಮೇಲೆ ಹಾವೇರಿಯಲ್ಲಿ ಜಗಳ ಆಡುವುದು ಬಹಳ ಸಲೀಸಾಯಿತು. ಎದುರಿನವನ ಮಾತು ಹಿಡಿಸದಿದ್ದರೆ “ಯಾಕಪಾ, ನಿಂದು ಹಳದಿ ಆಗೇತೇನು?” ಅಂದರೆ ಸಾಕು, ಮುಂದೆ ವಾದವೇ ಬೇಡ. ಆದರೆ ನಿಜಕ್ಕೂ ಮಣಿಕಟ್ಟಿಗೆ ಆ ಪಟ್ಟಿ ಕಟ್ಟಿಕೊಂಡವರ ಪಾಡು ತಮಾಷೆಯದಾಗಿರಲಿಲ್ಲ. ಯಕೃತ್ತು ಕೆಟ್ಟವರಿಗಾಗಿ ಮಾಡಿದ ಪಟ್ಟಿ ಅದು. ಅದರ ಮೇಲೆ ಹೆಸರುಕಾಳಿನಷ್ಟು ಒಂದು ದೀಪ. ಹಸಿರು ಉರಿಯುತ್ತಿದ್ದರೆ ಆಡುವ ಮಾತು ಮನುಷ್ಯನದು, ಹಳದಿಗೆ ತಿರುಗಿದರೆ ಕಾಯಿಲೆಯದು. ಹಸಿರಿದ್ದಾಗ ಹಾಕಿದ ಸಹಿಗೆ ಮಾತ್ರ ಬೆಲೆ ಎಂದು ಸರಕಾರವೂ ಕಾನೂನು ಮಾಡಿಬಿಟ್ಟಿತ್ತು. ಬ್ಯಾಂಕಿನವರು, ಕಿರಾಣಿ ಅಂಗಡಿಯವರು, ಬೀಗರು, ನೆಂಟರು ಎಲ್ಲರೂ ಮೊದಲು ಕೈ ನೋಡಿ ಆಮೇಲೆ ಮುಖ ನೋಡುವುದನ್ನು ಕಲಿತುಬಿಟ್ಟರು.

ಸಾವಂತ್ರವ್ವನ ಗಂಡ ಗುದ್ಲೆಪ್ಪನ ಎಡಗೈಯಲ್ಲೂ ಅಂಥದೊಂದು ಪಟ್ಟಿ ಇತ್ತು. ಗುದ್ಲೆಪ್ಪ ದನದ ಪೇಟೆಯ ದಲಾಲಿ. ಬಾಯಲ್ಲಿ ಒಂದು ದರ ಕೂಗುತ್ತ, ಹೆಗಲ ಮೇಲಿನ ಟವೆಲ್ಲನ್ನು ಎದುರಿನವನ ಕೈ ಮೇಲೆ ಹಾಕಿ, ಅದರ ಕೆಳಗೆ ಬೆರಳು ಹಿಡಿದು ನಿಜವಾದ ದರ ತಿಳಿಸುವ ಕಸುಬು ಅವನದು. ಇಂಥ ಕಸುಬಿನವರಿಗೆ ಮೊದಲ ಮಾತಿಗೆ ಹೂಂ ಅನ್ನುವುದು ಗೊತ್ತೇ ಇರುವುದಿಲ್ಲ. ಚಹಾ ಕುಡಿಯುತ್ತೀರಾ ಎಂದು ಕೇಳಿದರೂ ಅವನದು ಮೊದಲು “ಬ್ಯಾಡ”, ಆಮೇಲೆ “ಅರ್ಧ ಕಪ್”, ಕೊನೆಗೆ ತುಂಬಿದ ಲೋಟ. ಓಣಿಯ ಈ ತುದಿಯಲ್ಲಿ ಅವನು ಚಪ್ಪಲಿ ಕೇಳಿದರೆ ಆ ತುದಿಯವರಿಗೆ ಅವನು ಪೇಟೆಗೆ ಹೊರಟದ್ದು ತಿಳಿಯುತ್ತಿತ್ತು. ಸಾವಂತ್ರವ್ವ ಮದುವೆಯಾಗಿ ಬಂದಾಗಿನಿಂದ ಆ ಕೂಗಾಟದ ಕೆಳಗೇ ಸಂಸಾರ ಮಾಡಿದವಳು. ಅವನು ಕೆಟ್ಟವನೆಂದು ಅವಳಿಗೆ ಎಂದೂ ಅನಿಸಿರಲಿಲ್ಲ, ಆದರೆ ಸಾಕಾಗಿ ಹೋಗಿತ್ತು.

ಅವನು ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ. ದಲಾಲಿಯ ಲಿವರ್ ಕೆಟ್ಟಿದೆ ಅಂದರೆ ಅವನು ಕುಡಿಯದವನೆಂದು ಯಾರು ನಂಬುತ್ತಾರೆ? ಮಾತನಾಡಿಸಲು ಬಂದವರೆಲ್ಲ ಬಾಳೆಹಣ್ಣು ಕೆಳಗಿಟ್ಟು, “ಇನ್ನರ ಬಿಡ್ಸವಾ ಅದನ್ನ” ಎಂದು ಸಾವಂತ್ರವ್ವನ ಕಿವಿಯಲ್ಲಿ ಹೇಳಿ ಹೋಗುತ್ತಿದ್ದರು. ಇದ್ದದ್ದು ಸಕ್ಕರೆ ಕಾಯಿಲೆ, ಮೈಯಲ್ಲಿ ಕೊಬ್ಬು. ಮೊದಲು ಯಕೃತ್ತಿನಲ್ಲಿ ಕೊಬ್ಬು ಕೂತಿತು. ಕೂತಲ್ಲಿ ಗಾಯ, ಗಾಯ ಮಾಯ್ದಲ್ಲಿ ಗಟ್ಟಿ ಕಲೆ. ಕಲೆ ಹೆಚ್ಚಾಗಿ ಯಕೃತ್ತು ಮುರುಟಿಕೊಂಡಿತು, ಹೊಟ್ಟೆಯಲ್ಲಿ ನೀರು ತುಂಬಿತು. ಡಾಕ್ಟರು ಪ್ರತಿ ಸಲ ಮುಂದಿನ ಹಂತ ಹೇಳುವರು, ಅವಳು ಬಸ್ಸಿನ ಸ್ಟಾಪುಗಳನ್ನು ಕೇಳಿಸಿಕೊಂಡಂತೆ ಕೇಳಿಸಿಕೊಳ್ಳುವಳು. ಹೊಟ್ಟೆಯ ನೀರು ತೆಗೆಸಿದ ದಿನ ಅವರು, ಇನ್ನು ಮುಂದೆ ತಲೆಗೆ ಏರಬಹುದು ಅಂದರು. ಉಂಡದ್ದು ಅರಗುವಾಗ ಹುಟ್ಟುವ ಅಮೋನಿಯವನ್ನು ಒಳ್ಳೆಯ ಯಕೃತ್ತು ತೊಳೆದು ಹಾಕುತ್ತದೆ, ಇವರದಕ್ಕೆ ಆ ಶಕ್ತಿ ಇಲ್ಲ, ಅದು ನೆತ್ತರಿನಲ್ಲಿ ಹರಿದು ಮೆದುಳಿಗೆ ಹೋಗುತ್ತದೆ, ಆಗ ಮನುಷ್ಯ ತಾನಾಗಿ ಉಳಿಯುವುದಿಲ್ಲ ಎಂದು ವಿವರಿಸಿ ಹುಬ್ಬಳ್ಳಿಗೆ ಕಳಿಸಿದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಿಳಿದೀಪಕ್ಕೆಂದೇ ಒಂದು ಕೋಣೆ. ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಹಳದಿ ಚುಕ್ಕೆಗಳು, ಪಟ್ಟಿ ಕಟ್ಟಿಕೊಂಡ ಒಬ್ಬೊಬ್ಬರಿಗೆ ಒಂದೊಂದು. ಅವನ್ನು ಕಾಯುವ ಹುಡುಗಿ ಅಫ್ರೀನ್ ಗುದ್ಲೆಪ್ಪನ ಕೈಗೆ ಪಟ್ಟಿ ಬಿಗಿದು, ಸಾವಂತ್ರವ್ವನ ಕೈಗೆ ಎರಡು ಗುಂಡಿಗಳ ಒಂದು ಪುಟ್ಟ ಡಬ್ಬಿ ಕೊಟ್ಟಳು.

“ಬೆವರಿನ್ಯಾಗ ವಿಷ ಎಷ್ಟೈತಿ, ಕೈ ಎಷ್ಟು ನಡಗತೈತಿ, ಮಾತು ಹೆಂಗ ಬರತೈತಿ, ಎಲ್ಲಾ ಈ ಪಟ್ಟಿ ನೋಡತೈತ್ರಿ ಅಮ್ಮಾರ. ಆದ್ರ ವಿಷದ ಲೆಕ್ಕ ಒಂದನ್ನ ನಂಬಾಕ ಆಗೂದಿಲ್ಲ. ಅಷ್ಟ ವಿಷ ಇದ್ರೂ ಒಬ್ಬಾಂವ ಆರಾಮ ಪೇಪರ್ ಓದ್ತಾನ, ಇನ್ನೊಬ್ಬಾಂವ ಹೆಂಡ್ತಿ ಗುರ್ತಾ ಮರೀತಾನ. ಅದಕ್ಕ ನಿಮ್ಮ ಯಜಮಾನ್ರು ಖರೇ ಹೆಂಗಿರ್ತಾರ ಅನ್ನೂದನ್ನ ಮನಿಯವರ ಇದಕ್ಕ ಕಲಸಬೇಕು.”

“ನಾ ಏನ್ ಕಲಸ್ಲೆವಾ? ನಾ ಸಾಲಿ ಕಲಿತಾಕಿ ಅಲ್ಲ.”

“ಸಾಲಿ ಯಾಕ ಬೇಕ್ರಿ? ಅವರು ಅವರಂಗ ಇದ್ದಾಗ ಹಸರು ಒತ್ರಿ. ಇವರು ಅವರಲ್ಲ ಅನ್ಸಿದಾಗ ಹಳದಿ ಒತ್ರಿ. ಒಂದು ತಿಂಗಳು ಹಿಂಗ ಮಾಡಿದ್ರ ಮುಂದ ಅದ ನೋಡ್ಕೋತೈತಿ.”

ಆ ತಿಂಗಳು ಸಾವಂತ್ರವ್ವ ಡಬ್ಬಿಯನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡು ತಿರುಗಿದಳು. ಉಪ್ಪಿಲ್ಲದ ಸಾರಿನ ತಟ್ಟೆಯನ್ನು ಗುದ್ಲೆಪ್ಪ ನೂಕಿ ಬೈದ, ಅವಳು ಹಳದಿ ಒತ್ತಿದಳು. ಡಾಕ್ಟರು ಕಳ್ಳರು, ಔಷಧಿ ಅಂಗಡಿಯವ ಅವರಪ್ಪನಂಥ ಕಳ್ಳ ಎಂದು ಕೂಗಿದ, ಹಳದಿ ಒತ್ತಿದಳು. ಮಂಚದಿಂದ ಏಳಿಸಲು ಹೋದರೆ ಕೈ ಕೊಡವಿದ, ಹಳದಿ. ಆಮೇಲೆ ಕೆಲವು ಮಧ್ಯಾಹ್ನ ಅವನು ತಣ್ಣಗೆ ಕೂತಿರುತ್ತಿದ್ದ. ಕೊಟ್ಟದ್ದು ಉಣ್ಣುವನು, ಹಾಸಿಗೆ ಬದಲಿಸುವಾಗ ತಾನೇ ಸರಿದುಕೊಳ್ಳುವನು. ಅಂಥ ಒಂದು ಮಧ್ಯಾಹ್ನ ಅವಳ ಮುಖ ನೋಡಿ ನಿಧಾನವಾಗಿ, “ನೀ ಉಂಡ್ಯೇನು?” ಅಂದ.

ಆ ಮನೆಯಲ್ಲಿ ಅವಳನ್ನು ಅದುವರೆಗೆ ಯಾರೂ ಆ ಮಾತು ಕೇಳಿರಲಿಲ್ಲ. ಸಾವಂತ್ರವ್ವ ಅಡಿಗೆಮನೆಗೆ ಹೋಗಿ ಅತ್ತಳು. ರೋಗ ಬಂದ ಮೇಲಾದರೂ ಮನುಷ್ಯನಿಗೆ ಬುದ್ಧಿ ಬಂತು, ಒಳಗೆ ಇದ್ದದ್ದು ಈಗ ಹೊರಗೆ ಬಂತು ಅಂದುಕೊಂಡಳು. ಸೆರಗಿನ ಗಂಟು ಬಿಚ್ಚಿ ಹಸಿರು ಒತ್ತಿದಳು. ಸುಳ್ಳು ಹೇಳಬೇಕೆಂದು ಒತ್ತಿದ್ದಲ್ಲ, ಇವನೇ ತನ್ನ ಗಂಡ ಎಂದು ಅವಳು ಮನಸಾರೆ ನಂಬಿದ್ದಳು.

ತಿಂಗಳಾದ ಮೇಲೆ ದೀಪ ತಾನೇ ಉರಿಯತೊಡಗಿತು. ಬದುಕು ಹಗುರಾಯಿತು ಎಂದು ಸಾವಂತ್ರವ್ವ ಎಲ್ಲರ ಮುಂದೆ ಹೇಳಿಕೊಂಡಳು. ಹಳದಿಯಾದರೆ ಆಸ್ಪತ್ರೆಯವರು ಕೊಟ್ಟ ಪಾಕದಂಥ ಸಿಹಿ ಔಷಧಿ ಒಂದು ಅಳತೆ ಹೆಚ್ಚು ಕುಡಿಸುವುದು. ಅದು ಹೊಟ್ಟೆ ತೊಳೆದು ವಿಷ ಇಳಿಸುತ್ತದೆ. ಹಸಿರಿದ್ದರೆ ಕಡಿಮೆ ಸಾಕು. ಹಳದಿ ಹೊತ್ತಿನಲ್ಲಿ ಅವನು ಏನೇ ಕೂಗಲಿ, ಮೈಗೆ ಹಚ್ಚಿಕೊಳ್ಳುವುದು ಬೇಡ. ಅವಳು ಟಿವಿ ಹಚ್ಚುವಳು. ಓಣಿಯವರು “ಕಾಕಾ, ಹಳದಿ ಐತಿ” ಎಂದು ನಕ್ಕು ಹೋಗುವರು. “ನಾ ನಿನ್ನ ಕೂಡ ಮಾತಾಡಾಕತ್ತೇನಿ, ನನ್ನ ಕೈ ಯಾಕ ನೋಡ್ತಿ?” ಎಂದು ಅವನು ಕಿರುಚುವನು. ಅದಕ್ಕೂ ಉತ್ತರ ಕೊಡುವವರಿರಲಿಲ್ಲ.

ಅವನ ಹೊಟ್ಟೆ ಮತ್ತೆ ತುಂಬಿತು. ಇನ್ನು ಔಷಧಿಯಿಂದ ಆಗುವುದಿಲ್ಲ, ಬೇರೆ ಲಿವರ್ ಬೇಕು ಎಂದು ಹುಬ್ಬಳ್ಳಿಯ ಡಾಕ್ಟರ್ ಜಮಖಂಡಿ ಹೇಳಿಬಿಟ್ಟರು. ಸತ್ತವರ ಲಿವರ್‌ಗೆ ಸರದಿ ಉದ್ದವಿತ್ತು. ಒಬ್ಬಳೇ ಮಗಳು ಅನ್ನಪೂರ್ಣಾ ತನ್ನದರಲ್ಲಿ ಒಂದು ಭಾಗ ಕೊಡುತ್ತೇನೆಂದು ನಿಂತಳು. ಗದಗಿನಲ್ಲಿ ಸಾಲಿ ಟೀಚರು, ಮಡಿಲಲ್ಲಿ ಇನ್ನೂ ಮೊಲೆ ಬಿಡದ ಮಗಳು. ಪರೀಕ್ಷೆಗಳೆಲ್ಲ ಮುಗಿದು ಹೊಂದುತ್ತದೆ ಎಂದಾಯಿತು. ಉಳಿದದ್ದು ಗುದ್ಲೆಪ್ಪನ ಒಪ್ಪಿಗೆ. ಅವನನ್ನು ಕೇಳಿದಾಗಲೆಲ್ಲ “ಆಕಿ ಹೊಟ್ಟಿ ಮುಟ್ಟಬ್ಯಾಡ್ರಿ” ಎಂದು ಮಂಚ ಗುದ್ದಿ ಕೂಗಿದ, ಪ್ರತಿ ಸಲವೂ ದೀಪ ಹಳದಿಯಿತ್ತು. ಕೊನೆಗೊಂದು ಮಧ್ಯಾಹ್ನ ಜಮಖಂಡಿಯವರು ಹಸಿರು ನೋಡಿ ಕೇಳಿದರು. ಹಿಂದಾದರೆ ಇಂಥವರ ಕೈಯಲ್ಲಿ ನಕ್ಷತ್ರದ ಚಿತ್ರ ಬರೆಸಿ, ಅಂಕಿಗಳನ್ನು ಹಿಂದಿನಿಂದ ಎಣಿಸಿಸಿ ಪರೀಕ್ಷೆ ಮಾಡುತ್ತಿದ್ದರಂತೆ. ದೀಪ ಬಂದ ಮೇಲೆ ಅದಕ್ಕೆಲ್ಲ ಯಾರಿಗೂ ಪುರಸೊತ್ತಿಲ್ಲ. ಗುದ್ಲೆಪ್ಪ ತಲೆ ಆಡಿಸಿ, “ಆತ್ರಿ, ನೀವು ಹೆಂಗಂತೀರಿ ಹಂಗ” ಅಂದ. ಆಪರೇಷನ್ನಿನ ದಿನ ನಿಗದಿಯಾಯಿತು.

ಅದಾದ ವಾರದಲ್ಲೇ ಮೌಲಾಸಾಬ ಬಂದ. ದನದ ಪೇಟೆಯಲ್ಲಿ ಗುದ್ಲೆಪ್ಪನ ಜೊತೆ ಮೊದಲಿನಿಂದಲೂ ದಲಾಲಿ ಮಾಡಿದವನು, ಅವನಷ್ಟೇ ಬಾಯಿಯವನು. ದೀಪ ಹಸಿರಿತ್ತು. ಗೆಳೆಯನನ್ನು ನಗಿಸಬೇಕೆಂದು ಮೌಲಾಸಾಬ ಒಂದು ಸುಳ್ಳು ಬಿಟ್ಟ. ಹಲ್ಲು ಉದುರಿದ ಕುಂಟ ಎತ್ತೊಂದನ್ನು ಬಂಕಾಪುರದವನೊಬ್ಬನಿಗೆ ಹೊಸ ಟ್ರ್ಯಾಕ್ಟರಿನ ಬೆಲೆಗೆ ಮಾರಿದೆ ಅಂದ. ಗುದ್ಲೆಪ್ಪ ಮೆಲ್ಲಗೆ ಕಣ್ಣು ತೆರೆದು, “ಛಲೋ ಆತು ಬಿಡು” ಅಂದ. ಮೌಲಾಸಾಬ ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಬಾಗಿಲಲ್ಲಿ ಅವನ ಕಣ್ಣು ಒದ್ದೆಯಾಗಿತ್ತು. “ತಂಗೀ, ಅಂವ ಗುದ್ಲ್ಯಾ ಅಲ್ಲ. ಗುದ್ಲ್ಯಾ ಆಗಿದ್ರ ಈ ಮಾತಿಗೆ ನನ್ನ ಕೊರಳಪಟ್ಟಿ ಹಿಡೀತಿದ್ದ. ಇಷ್ಟು ಮುಂದ ಹೋಗೇತಿ ಅಂತ ನಂಗ ಗೊತ್ತಿರ್ಲಿಲ್ಲ.”

“ಹಸರು ಐತಲ್ರೀ ಅಣ್ಣಾರ,” ಅಂದಳು ಸಾವಂತ್ರವ್ವ.

“ಐತಿ ಖರೆ,” ಎಂದು ಅವನು ಚಪ್ಪಲಿ ಮೆಟ್ಟಿದ.

ಮರುದಿನ ಬೆಳಿಗ್ಗೆ ಅವಳು ಅಂಗಳ ಕಸ ಹೊಡೆಯುತ್ತಿದ್ದಾಗ ಒಳಗಿನಿಂದ ಕೂಗು ಬಂತು. “ಏ ಸಾವಂತ್ರೀ! ನಿನ್ನೆ ಮೌಲ್ಯಾ ಏನಂದ? ಕುಂಟ ಎತ್ತಿಗೆ ಟ್ರ್ಯಾಕ್ಟರ್ ರೊಕ್ಕಾ? ಹುಚ್ಚಪ್ಯಾಲಿ ಅಂತ ತಿಳದಾನೇನು ನನ್ನ? ಕಾಲು ಎಳೆಯೋ ಎತ್ತನ್ನ ಕಸಾಯಿಖಾನಿಯವನೂ ಮುಟ್ಟೂದಿಲ್ಲ!” ಅವನು ಗೋಡೆಗೊರಗಿ ಕೂತಿದ್ದ. ಕಣ್ಣು ನಿಚ್ಚಳವಾಗಿತ್ತು. ಕೈಯಲ್ಲಿನ ದೀಪ ಮಾತ್ರ ಹಳದಿಯಾಗಿ ಉರಿಯುತ್ತಿತ್ತು.

ಸಾವಂತ್ರವ್ವ ಕಸಬರಿಗೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತಳು. ಕಾಯಿಲೆಯ ಮಾತು ಎತ್ತಿನ ದರದ ತಪ್ಪು ಹಿಡಿಯುತ್ತದೆಯೇ? ಹಾಗಾದರೆ ನಿನ್ನೆ “ಛಲೋ ಆತು” ಅಂದವನು ಯಾರು? “ನೀವು ಹೆಂಗಂತೀರಿ ಹಂಗ” ಎಂದು ಡಾಕ್ಟರಿಗೆ ಹೇಳಿದವನು ಯಾರು? “ನೀ ಉಂಡ್ಯೇನು” ಅಂದವನು ಯಾರು? ಒಂದೊಂದಾಗಿ ಎಲ್ಲ ತಿಳಿಯಿತು. ಯಂತ್ರ ತಪ್ಪಿರಲಿಲ್ಲ, ತಾನು ಕಲಿಸಿದ್ದನ್ನೇ ಹೇಳುತ್ತಿತ್ತು. ಕೂಗುವವನು ಗಂಡ, ತಣ್ಣಗಿರುವವನು ರೋಗ. ತಾನು ತಿರುಗುಮುರುಗು ಕಲಿಸಿದ್ದಳು. ಔಷಧಿ ಬೇಕಾದಾಗ ಕಡಿಮೆ ಮಾಡಿ, ಬೇಡವಾದಾಗ ಹೆಚ್ಚು ಕುಡಿಸಿದ್ದಳು. ಅವನು ಮೈಮೇಲೆ ಎಚ್ಚರವಿದ್ದು ಬೇಡ ಅಂದಾಗಲೆಲ್ಲ ಟಿವಿ ಹಚ್ಚಿದ್ದಳು.

ಆ ಭಾನುವಾರ ಅನ್ನಪೂರ್ಣಾ ಬಂದಾಗ ಅವಳು ಮಗಳಿಗೆ ಎಲ್ಲವನ್ನೂ ಹೇಳಿದಳು. ಮಗಳು ಎದ್ದು ಬಾಗಿಲು ಮುಂದೆ ಮಾಡಿದಳು.

“ಅವ್ವಾ, ಆಪರೇಷನ್ ಆಗೂ ಮಟ ಇದನ್ನ ಯಾರ ಮುಂದೂ ಹೇಳಬ್ಯಾಡ.”

“ಹಂಗಂದ್ರ?”

“ಹೇಳಿದ್ರ ಅಪ್ಪ ಹೂಂ ಅಂದದ್ದು ಸುಳ್ಳಾಕ್ಕತಿ. ಅಂವ ಎಚ್ಚರ ಇದ್ದಾಗ ಎಂದಾರ ಹೂಂ ಅಂತಾನೇನು? ಸಾಯ್ತಾನ ಅಷ್ಟ. ನಾ ಕೊಡಾಕತ್ತೇನಿ, ನಾನಾಗೇ ಕೊಡಾಕತ್ತೇನಿ. ನಿಂಗೇನು ತ್ರಾಸು?”

ಸಾವಂತ್ರವ್ವನಿಗೆ ಮಗಳ ಮಾತು ನ್ಯಾಯವೇ ಅನಿಸಿತು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ತನ್ನ ಮನಸ್ಸಿನ ಬಗ್ಗೆಯೇ ಹೆದರಿಕೆಯಾಯಿತು. ಸುಮ್ಮನಿದ್ದರೆ ತಣ್ಣಗಿನ ಗಂಡನೂ ಉಳಿಯುತ್ತಾನೆ, ಆಪರೇಷನ್ನಿನ ತನಕವಾದರೂ. ಆ ಆಸೆ ತನಗಿದೆ ಎಂಬುದು ಅವಳಿಗೆ ಗೊತ್ತಿತ್ತು. ದಣಿದ ಹೆಂಗಸಿಗೆ ಅಷ್ಟೂ ಆಸೆ ಇರಬಾರದೇ? ಸೋಮವಾರ ಇಡೀ ಅವಳು ಇದನ್ನೇ ತಿರುವಿಹಾಕಿದಳು. ಸಂಜೆ ಗುದ್ಲೆಪ್ಪ ಮತ್ತೆ ಕೂಗಿದ, ಈ ಸಲ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ನನ್ನ ಮಾತು ಯಾರಿಗೂ ಕೇಳಸೂದ ಇಲ್ಲೇನು? ನಾ ಇನ್ನೂ ಇಲ್ಲೇ ಅದೇನಿ.”

ಅವಳು ಟಿವಿಯ ಕಡೆಗೆ ಹೋಗಲಿಲ್ಲ. ಮಂಗಳವಾರದ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೊರಟಳು.

ಅಫ್ರೀನ್ ಅವಳ ಮಾತನ್ನು ಕೇಳಿ, ಪರದೆಯ ಮೇಲೆ ಗುದ್ಲೆಪ್ಪನ ಚುಕ್ಕೆ ಮುಟ್ಟಿದಳು. ಎರಡು ಗೆರೆಗಳು ಮೂಡಿದವು. ಒಂದು ಬೆವರಿನ ವಿಷದ್ದು, ಇನ್ನೊಂದು ದೀಪದ್ದು. ವಿಷ ಏರಿದಲ್ಲೆಲ್ಲ ದೀಪ ಹಸಿರು, ಇಳಿದಲ್ಲೆಲ್ಲ ಹಳದಿ.

“ನಾ ನೋಡಿದ್ನಿರಿ ಅಮ್ಮಾರ, ಇಲ್ಲ ಅನ್ನೂದಿಲ್ಲ,” ಅಂದಳು ಅಫ್ರೀನ್. “ವಿಷ ಏರಿದ್ರೂ ಶಾಣ್ಯಾ ಇರೋರು ಇರ್ತಾರಂತ ಬಿಟ್ಟೆ. ಮನಿಯವರು ಕಲಿಸಿದ್ದಲ್ಲಾ, ಅವರಿಗಿಂತ ನಮಗೇನು ಗೊತ್ತು ಅಂತ.”

“ಅಂವ ಛಲೋ ಮಾತಾಡಿದಾಗೆಲ್ಲಾ ನಾ ಹಸರು ಒತ್ತೇನಿ ನಮ್ಮವ್ವ,” ಅಂದಳು ಸಾವಂತ್ರವ್ವ. “ಅಂವ ಹಂಗಿರಬೇಕಂತ ನಂಗಿತ್ತು.”

ಅಫ್ರೀನ್ ಅವಳ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಬಂದು ಪಕ್ಕದಲ್ಲಿ ನಿಂತಿದ್ದ ಜಮಖಂಡಿಯವರು ಕನ್ನಡಕ ತೆಗೆದು ಹಣೆ ತಿಕ್ಕಿಕೊಂಡರು. ಒಪ್ಪಿಗೆ ರದ್ದು, ಆಪರೇಷನ್ ನಿಲ್ಲಿಸಿ ಅಂದರು. ತಾನೂ ದೀಪವನ್ನಷ್ಟೇ ನೋಡಿದೆ, ಮನುಷ್ಯನನ್ನು ನೋಡಲಿಲ್ಲ ಎಂದು ಮೆಲ್ಲಗೆ ಹೇಳಿ, ಗುದ್ಲೆಪ್ಪನನ್ನು ಕರೆತರಲು ಗಾಡಿ ಕಳಿಸಿದರು.

ಆಸ್ಪತ್ರೆಯಲ್ಲಿ ಅವನ ಹೊಟ್ಟೆ ತೊಳೆದರು, ಔಷಧಿಯನ್ನು ವಿಷದ ಗೆರೆ ನೋಡಿ ಕೊಟ್ಟರು. ಪಟ್ಟಿಯ ಪಾಠವನ್ನು ಅಳಿಸಿ ಹೊಸದಾಗಿ ಕಲಿಸಲು ಕೂತರು. ಈ ಸಲ ಗುಂಡಿ ಒತ್ತಲು ಮೌಲಾಸಾಬನೂ ಜೊತೆಗಿದ್ದ. ಗುದ್ಲೆಪ್ಪ ದಿನದಿಂದ ದಿನಕ್ಕೆ ಜೋರಾದ. ಊಟ ತಂದವಳನ್ನು ಬೈದ, ಸೂಜಿ ಚುಚ್ಚಿದವನ ದರ ಕೇಳಿದ, ಎದುರಿನ ಮಂಚದವನ ಎಮ್ಮೆ ಮಾರಿಸಿಕೊಡುವುದಾಗಿ ಮಾತು ಕೊಟ್ಟ. ದೀಪ ಹಸಿರಾಗಿ ಉರಿಯಿತು. ಸಾವಂತ್ರವ್ವ ಕಿವಿಗೆ ಸೆರಗು ಒತ್ತಿಕೊಂಡು ಮೂಲೆಯಲ್ಲಿ ಕೂತಳು. ಸಂತೋಷವೂ ಆಯಿತು, ಸುಸ್ತೂ ಆಯಿತು.

ಮೌಲಾಸಾಬ ಚಹಾ ಕುಡಿಯಲು ಹೊರಗೆ ಹೋಗಿದ್ದಾಗ ಜಮಖಂಡಿಯವರು ಬಂದು ಮತ್ತೆ ಕೇಳಿದರು. ಅನ್ನಪೂರ್ಣಾ ಅಪ್ಪನ ಕಾಲ ಬಳಿ ನಿಂತಿದ್ದಳು.

“ಬ್ಯಾಡ,” ಅಂದ ಗುದ್ಲೆಪ್ಪ.

“ಅಪ್ಪಾ, ನಂಗ ಏನೂ ಆಗೂದಿಲ್ಲ. ಅದು ತಿರುಗಿ ಬೆಳೀತೈತಿ.”

“ಬ್ಯಾಡ ಅಂದ್ನೆಲ್ಲ.”

ಅನ್ನಪೂರ್ಣಾ ಅವ್ವನ ಕಡೆಗೆ ನೋಡಿದಳು. ಅಪ್ಪನ ಮೊದಲ ಬೇಡ ಯಾವತ್ತೂ ಕೊನೆಯ ಬೇಡ ಅಲ್ಲ ಎಂಬುದು ಆ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು. ಸಾವಂತ್ರವ್ವ ಮಂಚದ ಬಳಿ ಬಂದು, ಅವನ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಗಳ ಮೇಲೆ ಹಾಕಿದಳು. ಹೆಂಗಸರು ಹಾಗೆ ಮಾಡುವ ರೂಢಿ ಇಲ್ಲ. ಗುದ್ಲೆಪ್ಪ ಬೆರಗಾಗಿ ಅವಳನ್ನು ನೋಡಿದ. ಅವಳು ಟವೆಲ್ಲಿನ ಕೆಳಗೆ ಅವನ ಬೆರಳು ಹಿಡಿದಳು. ಅವಳಿಗೆ ಪೇಟೆಯ ಬೆರಳ ಭಾಷೆ ಬರುತ್ತಿರಲಿಲ್ಲ, ಆದರೂ ಬೇಡಿಕೊಳ್ಳುವುದಕ್ಕೆ ಭಾಷೆ ಬೇಕೇ? ಚೌಕಾಸಿಗೆ ಕೂತವನು ಬೆರಳು ಬದಲಿಸುತ್ತಾನೆ, ಇಳಿಯುತ್ತಾನೆ, ಏರುತ್ತಾನೆ, ಎಳೆದಾಡುತ್ತಾನೆ. ವ್ಯವಹಾರವೇ ಬೇಡವೆಂದವನು ಕೈ ತೆಗೆಯುತ್ತಾನೆ.

ಗುದ್ಲೆಪ್ಪ ಅವಳ ಬೆರಳುಗಳನ್ನು ಒಮ್ಮೆ ಬಿಗಿಯಾಗಿ ಒತ್ತಿ, ಟವೆಲ್ಲಿನ ಕೆಳಗಿಂದ ಕೈ ತೆಗೆದುಕೊಂಡ.

“ಎಳೆಗರು ಇರೋ ಆಕಳದ ಯಾಪಾರ ನಾ ಎಂದೂ ಮಾಡ್ಸಿಲ್ರೀ ಡಾಕ್ಟ್ರ,” ಅಂದ. ಕೂಗಲಿಲ್ಲ. “ಮಂದಿ ಆಕಳಕ್ಕ ಮಾಡದವ ನನ್ನ ಮಗಳಿಗೆ ಮಾಡ್ಲೇನು? ಸರದಿ ಬಂದ್ರ ನೋಡೂಣು. ಬರ್ಲಿಲ್ಲ ಅಂದ್ರ ಇಲ್ಲ.”

ಅನ್ನಪೂರ್ಣಾ ಅತ್ತಳು. ಜಮಖಂಡಿಯವರು ಬರೆದುಕೊಂಡರು. ಸಾವಂತ್ರವ್ವ ಟವೆಲ್ಲನ್ನು ಮಡಿಸಿ ಅವನ ಹೆಗಲಿಗೆ ಹಾಕಿದಳು. ಸರಿಯಾದದ್ದು ಮಾಡಿದೆನೋ, ಗಂಡನನ್ನು ಕೈಯಾರೆ ಕಳೆದೆನೋ ಅವಳಿಗೆ ತಿಳಿಯಲಿಲ್ಲ. ತಿಳಿಯದೆಯೇ ಅವನನ್ನು ಊರಿಗೆ ಕರೆತಂದಳು.

ಈಗ ಅವನ ಹೆಸರು ಸರದಿಯಲ್ಲಿದೆ. ಫೋನು ಬಂದಾಗಲೆಲ್ಲ ಸಾವಂತ್ರವ್ವ ಓಡಿ ಹೋಗಿ ಎತ್ತುತ್ತಾಳೆ, ಬಂದದ್ದು ಯಾವುದೋ ಸಿಮ್ ಕಂಪನಿಯದಾಗಿರುತ್ತದೆ. ಓಣಿಯವರು ಮತ್ತೆ ಗುದ್ಲೆಪ್ಪನ ಮಾತಿಗೆ ಉತ್ತರ ಕೊಡುತ್ತಾರೆ, ಅವನೂ ಬೈದು ಕಳಿಸುತ್ತಾನೆ. ಅವಳು ಬೈಸಿಕೊಳ್ಳುತ್ತಾಳೆ, ಹಾಸಿಗೆ ಒಗೆಯುತ್ತಾಳೆ, ಉಪ್ಪಿಲ್ಲದ ಸಾರು ಕುದಿಸುತ್ತಾಳೆ. ಅವನ ಕೂಗು ಜೋರಾಗಿದ್ದಷ್ಟು ಹೊತ್ತು ಅವಳಿಗೆ ಒಂದು ನಮೂನೆ ಧೈರ್ಯ. ಕೂಗು ನಿಂತರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ನೋಡುತ್ತಾಳೆ.

ಮೊನ್ನೆ ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮನೆ ಸುಮ್ಮನಾಗಿತ್ತು. ತಲೆ ಎತ್ತಿದರೆ ಗುದ್ಲೆಪ್ಪ ಮಂಚದ ಮೇಲಿಂದ ಅವಳನ್ನೇ ನೋಡುತ್ತಿದ್ದ. ಪಕ್ಕಕ್ಕೆ ಸರಿದು ಜಾಗ ಮಾಡಿದ್ದ.

“ಸಾವಂತ್ರೀ, ಬಿಡದನ್ನ. ಇಲ್ಲಿ ಬಂದು ಕುಂದ್ರು,” ಅಂದ. ಒಂದೊಂದು ಮಾತೂ ತಡೆದು ತಡೆದು ಬರುತ್ತಿತ್ತು. “ಭಾಳ ದಣದಿ ನೀ.”

ದೀಪ ಇನ್ನೂ ಹಸಿರಿತ್ತು. ಇದು ರೋಗದ ಮಾತೆಂದು ತಿಳಿಯಲು ಅವಳಿಗೆ ದೀಪ ಬೇಕಿರಲಿಲ್ಲ. ಔಷಧಿಯ ಬಾಟಲಿ ಒಳಗೆ ಗೂಡಿನಲ್ಲಿತ್ತು, ಕೂಡಲೇ ತರಬೇಕಾಗಿತ್ತು. ಅವಳು ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಅವನ ಪಕ್ಕದಲ್ಲಿ ಕೂತಳು.

“ಹೌದ್ರಿ,” ಅಂದಳು. “ಭಾಳ ದಣದೇನಿ.”

ಗಂಡನೊಡನೆ ಅವಳು ಆ ಮಾತು ಆಡಿದ್ದು ಅದೇ ಮೊದಲು. ಅವನ ಕೈ ಅವಳ ಬೆನ್ನ ಮೇಲೆ ಬಂದು ನಿಂತಿತು, ಸಣ್ಣಗೆ ನಡುಗುತ್ತಿತ್ತು. ದೀಪ ಹಳದಿಗೆ ತಿರುಗಿತು. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ಎದ್ದು ಹೋಗಿ ಬಾಟಲಿ ತಂದಳು.